ಕುದಿಸಿದ ಕವಳಿ

ತಾಟು ಎತ್ತುವುದೋ ಬೇಡವೋ ಎಂದು ಯೋಚಿಸುತ್ತ ಧೀರೇಂದ್ರ ಕುಲಕರ್ಣಿ ಬಚ್ಚಲುಮನೆಯ ಬಾಗಿಲಲ್ಲಿ ನಿಂತು ಬಹಳ ಹೊತ್ತಾಗಿತ್ತು. ತಾಟಿನ ಕೆಳಗೆ ಸ್ಟೀಲಿನ ಬಟ್ಟಲು, ಬಟ್ಟಲಿನ ನೀರಿನಲ್ಲಿ ಅವನ ಅತ್ತೆ ವೆಂಕೂಬಾಯಿಯವರ ಹಲ್ಲು. ಮೇಲಿನ ಸಾಲು, ಕೆಳಗಿನ ಸಾಲು, ಎರಡೂ. ಹಲ್ಲಿನ ಸೆಟ್ಟು ಎಂದು ಮನೆಯಲ್ಲಿ ಯಾರೂ ಅನ್ನುತ್ತಿರಲಿಲ್ಲ. ಅತ್ತೆಯ ಅರ್ಧ ಮರಾಠಿಯ ಮಾತಿನಲ್ಲಿ ಅದು ಕವಳಿ. ಇಂಡಿ ಪಟ್ಟಣದ ಕಾಲೇಜಿನಲ್ಲಿ ಮೂವತ್ತು ವರ್ಷ ರಾಜ್ಯಶಾಸ್ತ್ರ ಕಲಿಸಿ ಹೋದ ವರ್ಷ ನಿವೃತ್ತನಾದ ಮನುಷ್ಯ ಅವನು. ಅಸ್ಪೃಶ್ಯತೆಯನ್ನು ರದ್ದು ಮಾಡಿದ ಸಂವಿಧಾನದ ಹದಿನೇಳನೆಯ ಕಲಮನ್ನು ಪುಸ್ತಕ ಮುಟ್ಟದೆ ಹೇಳುತ್ತಿದ್ದ, ಹೇಳುವಾಗ ಧ್ವನಿ ಕೂಡ ಸ್ವಲ್ಪ ನಡುಗಿಸುತ್ತಿದ್ದ. ಈಗ ಒಂದು ಬಟ್ಟಲನ್ನು ಮುಟ್ಟಲಾರದೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಾನೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆಯನ್ನು ತನ್ನ ಪ್ರಿನ್ಸಿಪಾಲರ ಮೇಲೆ ಅವನು ಎಷ್ಟು ಸಲ ಪ್ರಯೋಗಿಸಿದ್ದನೋ. ಗಾದೆಗಳಿಗೆ ಮಾಡುವ ಕೆಲಸವಿಲ್ಲ, ತಿರುಗಿ ಮನೆಗೇ ಬರುತ್ತವೆ ಅಂದುಕೊಂಡ.

ನಸುಕಿನಲ್ಲಿ ಸಿಂದಗಿಯ ಬಸ್ಸಿಗೆ ಹೊರಡುವಾಗ ಹೆಂಡತಿ ಸಂಪದಾ ಎಲ್ಲ ಹೇಳಿಯೇ ಹೋಗಿದ್ದಳು. ಅವಳು ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ. ಸಿಂದಗಿಯಲ್ಲಿ ಒಂದು ದಿನದ ತರಬೇತಿ, ತಪ್ಪಿಸುವಂತಿರಲಿಲ್ಲ. "ಆಯಿ ಕವಳಿ ತೊಳದು ಕೊಡೋದು ಇವತ್ತ ನಿಮ್ಮ ಪಾಲಿಗೆ ಬಂದದ ನೋಡ್ರಿ. ಬಕೀಟಿನಾಗ ನೀರು ತುಂಬಿ ಅದರ ಮ್ಯಾಲೆ ಹಿಡದು ತೊಳೀರಿ, ಕೈ ಜಾರಿದರೂ ಒಡಿಯೂದಿಲ್ಲ. ಮೆತ್ತನ ಬ್ರಶ್ಶು ಅಲ್ಲೇ ಅದ. ಪೇಸ್ಟು ಗೀಸ್ಟು ಹಚ್ಚಬ್ಯಾಡ್ರಿ. ತಣ್ಣೀರು ಹಾಂ, ತಣ್ಣೀರು. ಕೇಳ್ಲಿಕ್ಕತ್ತೀರಿಲ್ಲೋ?" ಅವನು "ಹೂಂ" ಅಂದಿದ್ದ. ಮೂವತ್ತೊಂದು ವರ್ಷದ ದಾಂಪತ್ಯದಲ್ಲಿ ಅವನು ಅತಿ ಹೆಚ್ಚು ಸಲ ಆಡಿದ ಮಾತು ಅದೇ. ಕೈಯಲ್ಲಿ ಫೋನಿತ್ತು. ನಿವೃತ್ತ ಉಪನ್ಯಾಸಕರ ಗುಂಪಿನಲ್ಲಿ ಕಾಲೇಜಿನ ಸುವರ್ಣ ಮಹೋತ್ಸವದ ಆಮಂತ್ರಣ ಪತ್ರಿಕೆ ಬಂದಿತ್ತು, ಅದರಲ್ಲಿ ಅವನ ಫೋಟೋ ಇರಲಿಲ್ಲ. ತನಗೆ ಇದರಿಂದ ಎಳ್ಳಷ್ಟೂ ಬೇಸರವಾಗಿಲ್ಲವೆಂದು ಅವನು ಉದ್ದುದ್ದ ಬರೆಯುತ್ತಿದ್ದ.

ಒಳಕೋಣೆಯಿಂದ ತಂಬಿಗೆ ಕುಟ್ಟಿದ ಸದ್ದು ಬಂತು. ಅದು ಅತ್ತೆಯ ಭಾಷೆ. ಬಸವನ ಬಾಗೇವಾಡಿಯ ಮಗನ ಮನೆಯ ಹಿತ್ತಲಲ್ಲಿ ಜಾರಿ ಬಿದ್ದು ಬಲಗೈ ಮುಂಗೈ ಮುರಿದುಕೊಂಡ ಮೇಲೆ ಸಂಪದಾ ಅವರನ್ನು ಇಲ್ಲಿಗೆ ಕರೆತಂದಿದ್ದಳು. ಕೈಗೆ ಪ್ಲಾಸ್ಟರು, ಎಡಗೈಯಿಂದ ಉಣ್ಣುವುದು ಅವರ ಪಾಲಿಗೆ ಊಟವೇ ಅಲ್ಲ, ಮಗಳೇ ತುತ್ತು ಕೊಡಬೇಕು. ಕವಳಿಯನ್ನೂ ಅವಳೇ ತೊಳೆದು ಕೊಡಬೇಕು. ಅದನ್ನು ಹಾಕಿಕೊಳ್ಳುವ ತನಕ ವೆಂಕೂಬಾಯಿ ಕೋಣೆಯ ಪರದೆ ಸರಿಸುವುದಿಲ್ಲ, ಬಾಯಿ ತೆರೆಯುವುದಿಲ್ಲ, ಗುಟುಕು ಕಾಫಿ ಕುಡಿಯುವುದಿಲ್ಲ. ಅಳಿಯನ ಮನೆ. ಅಳಿಯನೆದುರು ಬರಿ ಬಾಯಿ ತೋರಿಸುವುದೆಂದರೆ ತಲೆಯ ಮೇಲಿನ ಸೆರಗು ಜಾರಿದ್ದಕ್ಕಿಂತ ಕಡೆ. ಹಲ್ಲಿದ್ದಾಗಲೂ ಬಹಳ ಮಾತಾಡುತ್ತಿದ್ದರೆಂದಲ್ಲ. ಮದುವೆಯಾದಂದಿನಿಂದ ಇವತ್ತಿನವರೆಗೆ ಅವನೊಡನೆ ಒಂದು ಮಾತನ್ನೂ ನೇರವಾಗಿ ಆಡಿದವರಲ್ಲ. ಅವನು ಎದುರಿಗೇ ಕೂತಿದ್ದರೂ "ಅವರಿಗೆ ಇನ್ನೊಂದು ಹೋಳಿಗಿ ಬೇಕೇನು ಕೇಳಲೇ ಸಂಪದಾ" ಎನ್ನುವರು. ಅವನೂ ಗೋಡೆಗೆ ಹೇಳಿದಂತೆ "ಬ್ಯಾಡಂತ" ಅನ್ನುತ್ತಿದ್ದ. ಮೊದಲು ನಗು ಬರುತ್ತಿತ್ತು, ಆಮೇಲೆ ಹಿತವೆನಿಸತೊಡಗಿತು. ತನ್ನ ಬಗ್ಗೆ ಯಾರಾದರೂ ಎದುರಿಗೇ ಮೂರನೆಯವರ ಹಾಗೆ ಮಾತಾಡಿದರೆ ತಾನು ಸ್ವಲ್ಪ ದೊಡ್ಡ ಮನುಷ್ಯನೆನಿಸುತ್ತದೆ.

ಇವತ್ತಂತೂ ಆ ದೊಡ್ಡತನದ್ದೇ ದಿನ. ನಾಳೆಗೆ ಅಧಿಕ ಮಾಸ ಮುಗಿಯುತ್ತದೆ. ಅಧಿಕ ಮಾಸದಲ್ಲಿ ಅಳಿಯನೆಂದರೆ ಸಾಕ್ಷಾತ್ ನಾರಾಯಣ. ಅವನನ್ನು ಮಣೆಯ ಮೇಲೆ ಕೂಡಿಸಿ, ಕುಂಕುಮ ಹಚ್ಚಿ, ಬೆಲ್ಲ ಹಾಕಿ ಕರಿದ ಮೂವತ್ತಮೂರು ಅಪೂಪಗಳ ಬಾಗಿನ ಕೊಡಬೇಕು. ಕೈ ಮುರಿದಿದ್ದರೂ ವೆಂಕೂಬಾಯಿ ಹಟ ಹಿಡಿದಿದ್ದರು, ಸಂಪದಾ ಸಂಜೆ ಬಂದೊಡನೆ ಬಾಗಿನ. ಇಂಥದರಲ್ಲೆಲ್ಲ ತನಗೆ ನಂಬಿಕೆಯಿಲ್ಲ, ಹಿರಿಯರ ಸಮಾಧಾನಕ್ಕೆ ಕೂಡುತ್ತೇನೆ ಎಂದು ಧೀರೇಂದ್ರ ಎಲ್ಲರೆದುರೂ ಹೇಳಿದ್ದ. ಹೇಳಿ, ಮಡಿಯ ಧೋತರ ಇಸ್ತ್ರಿ ಮಾಡಿಸಿ ತಂದಿದ್ದ. ಮದುವೆಯಲ್ಲೂ ಹೀಗೇ. ಬಾಗೇವಾಡಿಯ ಮಂಟಪದಲ್ಲಿ ಮಾವ ಅವನ ಪಾದ ತೊಳೆಯುತ್ತಿದ್ದರೆ ಅತ್ತೆ ತಂಬಿಗೆಯಿಂದ ನೀರು ಹಾಕುತ್ತಿದ್ದರು. ಬಸ್‌ಸ್ಟ್ಯಾಂಡಿನಿಂದ ಹೊಸ ರಸ್ತೆಯ ಮೇಲೆ ಬರಿಗಾಲಲ್ಲಿ ನಡೆದು ಬಂದು ಅವನ ಹಿಮ್ಮಡಿಗೆ ಡಾಂಬರು ಅಂಟಿತ್ತು. ಮಾವನ ಕೈಗೆ ಅದು ಹೋಗಲಿಲ್ಲ. ವೆಂಕೂಬಾಯಿ ತಂಬಿಗೆ ಕೆಳಗಿಟ್ಟು, ಹೆಬ್ಬೆರಳಿಗೆ ಕೊಬ್ಬರಿ ಎಣ್ಣೆ ಮುಟ್ಟಿಸಿಕೊಂಡು, ಭಟ್ಟರು ಮುಹೂರ್ತ ಮುಹೂರ್ತ ಎಂದು ಗೊಣಗುತ್ತಿದ್ದರೂ ಲೆಕ್ಕಿಸದೆ ಆ ಕರಿಯನ್ನು ತಿಕ್ಕಿ ತಿಕ್ಕಿ ತೆಗೆದಿದ್ದರು. ಆಮೇಲೆ ಆ ನೀರನ್ನೇ ತಲೆಯ ಮೇಲೆ ಪ್ರೋಕ್ಷಿಸಿಕೊಂಡರು. ಇಪ್ಪತ್ತೊಂಬತ್ತರ ಧೀರೇಂದ್ರ ಆಗ ಸಂಕೋಚದಿಂದ ಕುಗ್ಗಿಹೋದೆ ಎಂದು ಮುಂದೆ ತರಗತಿಗಳಲ್ಲಿ ಹೇಳುತ್ತಿದ್ದ. ಸುಳ್ಳು. ಆಗ ಅವನು ಗೆಳೆಯರು ನೋಡುತ್ತಿದ್ದಾರೆಯೇ ಎಂದು ನೋಡಿದ್ದ.

ತಂಬಿಗೆ ಮತ್ತೆ ಸದ್ದು ಮಾಡಿತು. "ತರ್ತೇನಿ, ತರ್ತೇನಿ" ಎಂದು ಕೂಗಿ, ಉಸಿರು ಬಿಗಿಹಿಡಿದು ತಾಟು ಎತ್ತಿದ. ನೀರಿನಲ್ಲಿ ಅದು ನಗುತ್ತಿತ್ತು. ಯಾರ ಮುಖಕ್ಕೂ ಸಂಬಂಧವಿಲ್ಲದ ನಗು; ಗುಲಾಬಿ ಬಣ್ಣದ ಒಸಡು, ಒಂದು ಮೂಲೆಯಲ್ಲಿ ಸಿಕ್ಕಿಕೊಂಡ ಕೊತ್ತಂಬರಿ ಸೊಪ್ಪಿನ ಚೂರು. ಆ ಚೂರನ್ನು ಕಂಡೊಡನೆ ತಾಟನ್ನು ತಿರುಗಿ ಮುಚ್ಚಿಬಿಟ್ಟ. ಹೇಸಿಗೆಯೆಂದು ಅದಕ್ಕೆ ಹೆಸರಿಡುವಷ್ಟು ಪ್ರಾಮಾಣಿಕತೆ ಆ ಗಳಿಗೆಯಲ್ಲಿ ಅವನಿಗಿರಲಿಲ್ಲ. ಅವನು ಇಟ್ಟ ಹೆಸರು ಆರೋಗ್ಯ. ರಾತ್ರಿಯೆಲ್ಲ ನೀರಿನಲ್ಲಿ ಬಿದ್ದದ್ದು, ಮಳೆಗಾಲ ಬೇರೆ ಶುರು, ಕ್ರಿಮಿಗಳು ಇರಲಾರವೇ? ಬರಿ ತಣ್ಣೀರಿನಲ್ಲಿ ತೊಳೆದರೆ ಆಗುವುದೇನು? ಹೆಂಗಸರಿಗೆ ವಿಜ್ಞಾನ ತಿಳಿಯುವುದಿಲ್ಲ. ಕುದಿಸಬೇಕು. ಕುದಿಸಿದರೆ ಬ್ರಶ್ಶು ಹಿಡಿಯುವ ಕೆಲಸವೂ ಉಳಿಯುತ್ತದೆ ಎಂಬುದು ಹಿಂದಿನ ಬೆಂಚಿನ ಹುಡುಗನ ಹಾಗೆ ಆ ಯೋಚನೆಯ ಹಿಂದೆ ತಲೆ ತಗ್ಗಿಸಿ ಕೂತಿತ್ತು. ಅಡಿಗೆಮನೆಯಿಂದ ಇಕ್ಕಳ ತಂದ. ಚಹಾದ ಪಾತೇಲಿಗೆ ನೀರು ಹಾಕಿ ಗ್ಯಾಸಿನ ಮೇಲಿಟ್ಟು, ಎರಡೂ ಸಾಲನ್ನು ಇಕ್ಕಳದಿಂದ ಎತ್ತಿ ಒಳಗೆ ಬಿಟ್ಟ. ಇಂಡಿಯವನಾದ ಮೇಲೆ ನಿಂಬೆಹಣ್ಣು ನೆನಪಾಗದೆ ಇರುತ್ತದೆಯೇ? ಈ ಊರಲ್ಲಿ ತಾಮ್ರದ ಹಂಡೆಗೂ ನಿಂಬೆ, ತಲೆಯ ಹೊಟ್ಟಿಗೂ ನಿಂಬೆ, ಕಣ್ಣು ತಗಲಿದರೂ ನಿಂಬೆ. ಒಂದು ದಪ್ಪ ಹಣ್ಣು ಕೊಯ್ದು ಹಿಂಡಿ, ಸಿಪ್ಪೆಯನ್ನೂ ಹಾಕಿದ. ಮುತ್ತಿನಂತೆ ಬೆಳ್ಳಗಾಗುತ್ತವೆ, ಅತ್ತೆ ಮಗಳ ಮುಂದೆ ಹೇಳುತ್ತಾರೆ, ಎಂದು ಆಗಲೇ ಹೊಗಳಿಕೆಯ ಬಡ್ಡಿ ಎಣಿಸುತ್ತ ಫೋನು ತೆಗೆದ. ಗುಂಪಿನಲ್ಲಿ ಯಾರೋ ಅವನ ಉದ್ದನೆಯ ಬರಹಕ್ಕೆ ಒಂದು ಹೆಬ್ಬೆರಳು ಒತ್ತಿ ಸುಮ್ಮನಾಗಿದ್ದರು. ಬರಿ ಹೆಬ್ಬೆರಳು! ಅದಕ್ಕೆ ಉತ್ತರ ಬರೆಯುತ್ತ ನಿಂತವನಿಗೆ ಪಾತೇಲಿಯ ನೀರು ಅರ್ಧಕ್ಕೆ ಇಳಿದದ್ದು ಗೊತ್ತಾದದ್ದು ಹಲ್ಲು ತಳಕ್ಕೆ ಬಡಿದು ಕಟಕಟ ಅಂದಾಗ.

ತೆಗೆದು ತಣ್ಣೀರು ಹಾಕಿ, ತಾಟಿನಲ್ಲಿಟ್ಟು, ಕಣ್ಣು ಬೇರೆಡೆ ಮಾಡಿ ಪರದೆಯ ಕೆಳಗೆ ಸರಿಸಿದ. ಒಂದು ಎಡಗೈ ಬಂದು ತಾಟನ್ನು ಎಳೆದುಕೊಂಡಿತು. ತಡಕಾಡುವ ಸದ್ದು. "ಹ್ಞಾ" ಎಂಬ ಸಣ್ಣ ನೋವಿನ ದನಿ. ಮತ್ತೆ ತಡಕಾಟ, ಮತ್ತೆ ಅದೇ ದನಿ. ಆಮೇಲೆ ತಾಟು ಪರದೆಯ ಕೆಳಗಿನಿಂದ ತಿರುಗಿ ಹೊರಗೆ ಬಂತು, ಕವಳಿಯ ಸಮೇತ. ಅವನು ಮೊದಲ ಸಲ ಅದನ್ನು ಬೆರಳಿನಿಂದ ಮುಟ್ಟಿದ. ಮೇಲಿನ ಸಾಲನ್ನು ನೆಲದ ಮೇಲಿಟ್ಟರೆ ಒಂದು ಕಾಲು ಗಿಡ್ಡವಾದ ಸ್ಟೂಲಿನ ಹಾಗೆ ಅಲ್ಲಾಡುತ್ತಿತ್ತು. ಒಸಡಿನ ಗುಲಾಬಿ ಅಲ್ಲಲ್ಲಿ ಬೆಳ್ಳಗಾಗಿ ತೊನ್ನು ಹತ್ತಿದಂತಿತ್ತು. ಎರಡೂ ಸಾಲನ್ನು ಒಂದರ ಮೇಲೊಂದಿಟ್ಟರೆ ಕೂಡಲೊಲ್ಲವು, ಒಂದು ಕಡೆ ಬೆರಳು ಹೋಗುವಷ್ಟು ಸಂದು. ಕವಳಿಯಿಂದ ನಿಂಬೆಯ ವಾಸನೆ ಘಮ್ಮೆಂದು ಬಂತು. ಮೊದಲು ಅವನು ಮಾಡಿದ ಕೆಲಸವೆಂದರೆ ಚಹಾದ ಪಾತೇಲಿಯನ್ನು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಅಡಗಿಸಿದ್ದು.

ಕವಳಿಯನ್ನು ಊಟದ ಡಬ್ಬಿಯಲ್ಲಿ ಹಾಕಿಕೊಂಡು "ಈಗ ಬಂದೆ" ಎಂದು ಪರದೆಗೆ ಹೇಳಿ ಹೊರಬಿದ್ದ. ಸ್ಟೇಶನ್ ರಸ್ತೆಯಲ್ಲಿ ಹಳೆಯ ವಿದ್ಯಾರ್ಥಿ ಆಸಿಫನ ಮೊಬೈಲ್ ಅಂಗಡಿ. ತಪ್ಪಿಸಿಕೊಂಡು ಹೋಗಲು ರಸ್ತೆಯ ಆಚೆ ದಾಟಿದ. ಆಚೆಗೇ ಆಸಿಫ ಚಹಾ ಕುಡಿಯುತ್ತ ನಿಂತಿದ್ದ. "ನಮಸ್ಕಾರ್ರಿ ಸರ! ಡಬ್ಬಿ ಹಿಡ್ಕೊಂಡು ಎಲ್ಲಿಗೆ ಹೊಂಟೀರಿ? ಮನ್ಯಾಗ ಏನೋ ಸಿಹಿ ಮಾಡಿರಬೇಕು." "ಹೌದಪಾ, ಅಪೂಪ" ಎಂದುಬಿಟ್ಟ ಧೀರೇಂದ್ರ. ಆಸಿಫ ಚಹಾದ ಗ್ಲಾಸು ಕೆಳಗಿಟ್ಟು ಕೈ ಚಾಚಿದ. "ಒಂದರ ಕೊಡ್ರಲ್ಲ ಸರ, ನಿಮ್ಮ ಶಿಷ್ಯಾ ಅದೇನಿ." "ಇದು... ದೇವರಿಗೆ ಎತ್ತಿಟ್ಟದ್ದಪಾ." "ಹಂಗಾರ ಬ್ಯಾಡ ಬಿಡ್ರಿ ಸರ" ಎಂದು ಅವನು ಚಾಚಿದ ಕೈಯನ್ನು ಎದೆಗೆ ಮುಟ್ಟಿಸಿಕೊಂಡ. ಧೀರೇಂದ್ರನಿಗೆ ಓಡಿಹೋಗಬೇಕೆನಿಸಿತು. ಅರವತ್ತರ ಮನುಷ್ಯ ಡಬ್ಬಿ ಬಗಲಲ್ಲಿಟ್ಟುಕೊಂಡು ಓಡಿದರೆ ಜನ ಇನ್ನೂ ಚೆನ್ನಾಗಿ ನೋಡುತ್ತಾರೆಂದು ನಡೆದ, ಓಡುವವನಂತೆಯೇ ನಡೆದ.

ಹಲ್ಲಿನ ಡಾಕ್ಟರು ಜಾಸ್ಮಿನ ಚಿಕ್ಕ ವಯಸ್ಸಿನ ಹುಡುಗಿ. ಡಬ್ಬಿಯಲ್ಲಿದ್ದುದನ್ನು ಬೆಳಕಿಗೆ ಹಿಡಿದು, ಮೂಗಿನ ಹತ್ತಿರ ತಂದು, "ಲಿಂಬಿಕಾಯಿ?" ಎಂದಳು. ಆಮೇಲೆ "ಯಾರದ್ರಿ ಸರ ಇದು?" "ನಮ್ಮ ಪರಿಚಯದವರದು." "ವಯಸ್ಸಾದವರೇನ್ರಿ?" "ವಯಸ್ಸಾಗೇದ." "ಕುದಿಸ್ಯಾರ್ರಿ. ಬಿಸಿನೀರಿಗೆ ಇದು ಸೊಟ್ಟ ಆಗಿಬಿಡ್ತೈತಿ, ತಿರುಗಿ ನೆಟ್ಟಗ ಆಗಂಗಿಲ್ಲ. ಹೊಸಾದೇ ಮಾಡಬೇಕು. ಅವರನ್ನ ಕರ್ಕೊಂಡು ಬರ್ರಿ, ಬಾಯಿ ಅಳತಿ ತಗೋಬೇಕು. ಹತ್ತು ಹದಿನೈದು ದಿನಾ ಹಿಡೀತೈತಿ. ಅಲ್ಲೀತನಾ ಮೆತ್ತಗಿಂದು ಉಣಿಸ್ರಿ." ಅವನು ತಲೆಯಾಡಿಸಿ ಡಬ್ಬಿಯ ಮುಚ್ಚಳ ಹಾಕುತ್ತಿರುವಾಗ ಅವಳು ದನಿ ಇಳಿಸಿ, ಕರುಣೆಯಿಂದ, "ಅವರಿಗೆ ಬೈಬ್ಯಾಡ್ರಿ ಸರ. ವಯಸ್ಸಾದವರಿಗೆ ತಿಳಿಯಂಗಿಲ್ಲ, ಪಾಪ" ಅಂದಳು. ಈಗ ಹೇಳಬಹುದಿತ್ತು. ಬಾಯಿಯಲ್ಲಿ ಮೂವತ್ತೆರಡೂ ಸ್ವಂತ ಹಲ್ಲಿದ್ದವು, ನಾಲಿಗೆಯಿತ್ತು. "ಛೇ ಛೇ, ಬೈಯೂದಿಲ್ಲ" ಎಂದ ಧೀರೇಂದ್ರ, ದೊಡ್ಡ ಮನಸ್ಸಿನವನಂತೆ. ಅವಳು ಮೆಚ್ಚಿಕೆಯಿಂದ ನಕ್ಕಳು. ಮೆಟ್ಟಿಲು ಇಳಿದು ರಸ್ತೆಗೆ ಬಂದ. ಅನ್ನ ಕಾಣದೆ ಪರದೆಯ ಹಿಂದೆ ಕೂತಿರುವ ಮುದುಕಿಯ ತಲೆಗೆ ತನ್ನ ತಪ್ಪನ್ನು ಕಟ್ಟಿ, ಮೇಲೆ ಅವರನ್ನು ಕ್ಷಮಿಸಿಯೂ ಬಂದಿದ್ದ.

ದಾರಿಯುದ್ದಕ್ಕೂ ಸುಳ್ಳುಗಳು ತಾವಾಗಿಯೇ ತಯಾರಾಗಿ ಬಂದವು. ಕವಳಿ ಹಳೆಯದಾಗಿತ್ತಂತೆ, ಇವತ್ತಲ್ಲ ನಾಳೆ ಹೋಗುವುದೇ ಇತ್ತಂತೆ. ನಲ್ಲಿಯ ನೀರಿನಲ್ಲಿ ಸುಣ್ಣ ಹೆಚ್ಚಂತೆ. ಬಿದ್ದಾಗಲೇ ಬಿರುಕು ಬಿಟ್ಟಿತ್ತಂತೆ. ಕೊನೆಯದು ಬಹಳ ಸೊಗಸಾಗಿತ್ತು, ಪರೀಕ್ಷೆಯಲ್ಲಿ ಯಾರಾದರೂ ಬರೆದಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದ. ಆದರೆ ಸುಳ್ಳು ಹೇಳಿದರೂ ಡಾಕ್ಟರ ಹತ್ತಿರ ಅವರು ಹೋಗಲೇಬೇಕು, ಆ ಹುಡುಗಿ ಅವರ ಮುಖಕ್ಕೇ "ಅಜ್ಜಿ, ಇನ್ನ ಮ್ಯಾಲೆ ಕುದಿಸಬ್ಯಾಡ್ರಿ" ಅನ್ನುತ್ತಾಳೆ. ಬರಿ ಬಾಯಿಯ ವೆಂಕೂಬಾಯಿ ಸೆರಗು ಕಚ್ಚಿಕೊಂಡು, ಎದುರುಮಾತಾಡದೆ, ಆ ಮಾತನ್ನು ಕೇಳಿಸಿಕೊಳ್ಳುತ್ತಾರೆ. ಅಳಿಯನ ಮಾನ ಕಾಯಲು ಹೌದು ನಾನೇ ಕುದಿಸಿದೆ ಎಂದು ತಲೆಯಾಡಿಸಲೂಬಹುದು. ಆ ಚಿತ್ರ ಕಣ್ಣಿಗೆ ಬಂದು ಧೀರೇಂದ್ರನಿಗೆ ನಡುಬಜಾರಿನಲ್ಲಿ ಅಳು ಒತ್ತರಿಸಿತು. ಅಳುವಾಗ ಹೇಗೆ ಕಾಣುತ್ತೇನೋ ಎಂದು ಮರುಕ್ಷಣವೇ ಅನ್ನಿಸಿದ್ದೂ ನಿಜ.

ಮನೆಗೆ ಬಂದು ಪರದೆಯ ಮುಂದೆ ನಿಂತ. ಒಳಗೆ ತಂಬಿಗೆ ಸುಮ್ಮನಿತ್ತು. ಗಂಟಲು ಸರಿಮಾಡಿಕೊಂಡು, ಪಾಠ ಶುರುಮಾಡುವವನ ಹಾಗೆ, "ಅದು ಏನಾಗೇದ ಅಂದ್ರ, ಬಿಸಿನೀರಿನ ಸಂಪರ್ಕದಿಂದ ಕವಳಿ ಸ್ವಲ್ಪ ಆಕಾರ ಬದಲಾಗೇದ" ಎಂದ. ಕವಳಿ ತಾನೇ ಎದ್ದು ಹೋಗಿ ಸ್ನಾನ ಮಾಡಿ ಬಂದಂತೆ. ತನ್ನ ಮಾತು ತನಗೇ ಕೇಳಿ ನಾಚಿಕೆಯಾಯಿತು. ಕುಕ್ಕರಗಾಲಿನಲ್ಲಿ ಕೂತ. "ಅತ್ತಿಯವರ, ನಾನೇ ಕುದಿಸೀನಿ. ತಣ್ಣೀರು ಅಂತ ಸಂಪದಾ ಹೇಳಿದ್ಲು. ಕೈಲೆ ಮುಟ್ಟಲಿಕ್ಕೆ ನನಗ ಹೇಸಿಗಿ ಬಂತು. ಅದಕ್ಕ ಇಕ್ಕಳದಿಂದ ಎತ್ತಿ ಕುದಿಸೀನಿ. ಡಾಕ್ಟರ್ ಮುಂದ ನಿಮ್ಮ ಮ್ಯಾಲೇ ಹಾಕಿ ಬಂದೀನಿ." ಅಷ್ಟು ಸಣ್ಣ ವಾಕ್ಯಗಳನ್ನು ಅವನು ಆಯುಷ್ಯದಲ್ಲೇ ಆಡಿರಲಿಲ್ಲ. ಹೇಳಿದ ಮೇಲೆ ಹಗುರಾಗುತ್ತದೆಯೆಂದು ಕೇಳಿದ್ದ, ಹಾಗೇನೂ ಆಗಲಿಲ್ಲ. ಒಳಗೆ ಮಂಚ ಕಿರುಗುಟ್ಟಿತು, ಅಷ್ಟೆ. ಅತ್ತರೋ, ಗೋಡೆಗೆ ಮುಖ ಮಾಡಿದರೋ, ಬಾಗೇವಾಡಿಗೆ ಹೊರಡಲು ಗಂಟು ಕಟ್ಟುತ್ತಿದ್ದಾರೋ. ನಿನ್ನೆ ರಾತ್ರಿಯಿಂದ ಅವರ ಹೊಟ್ಟೆಗೆ ಏನೂ ಬಿದ್ದಿಲ್ಲವೆಂಬುದು ಒಮ್ಮೆಲೇ ಹೊಳೆದು ಗಡಿಬಿಡಿಯಿಂದ ಅಡಿಗೆಮನೆಗೆ ಹೋದ. ಅನ್ನವಿತ್ತು, ಹಾಲಿತ್ತು. ಬಟ್ಟಲಿನಲ್ಲಿ ಹಾಕಿ ಕೈಯಿಂದಲೇ ಹಿಸುಕಿ ಹಿಸುಕಿ ಮೆತ್ತಗೆ ಕಲಸಿದ. ಕಲಸುತ್ತ ಕಣ್ಣು ತುಂಬಿ ಬಂತು. ತಾನೇ ತುತ್ತು ಕೊಡಬೇಕು, ಬರಿಗೈಯಿಂದ, ಎಂದು ನಿಶ್ಚಯಿಸಿದ. ಎಂಥ ಬದಲಾವಣೆ! ಸಂಜೆ ಸಂಪದಾಗೆ ಇದನ್ನು ಯಾವ ಮಾತಿನಲ್ಲಿ ಹೇಳಬೇಕೆಂಬುದು ಕೂಡ ಮನಸ್ಸಿನಲ್ಲಿ ಕೂಡಿಬರತೊಡಗಿತು.

"ಒಳಗ ಬರ್ತೇನಿ" ಎಂದು ಪರದೆ ಸರಿಸಿದ. ವೆಂಕೂಬಾಯಿ ಮಂಚದ ಮೇಲೆ ಕೂತಿದ್ದರು. ಪ್ಲಾಸ್ಟರಿನ ಕೈ ಕೊರಳಿನ ಪಟ್ಟಿಯಲ್ಲಿ, ಎಡಗೈಯಲ್ಲಿ ಹಿಡಿದ ಸೆರಗು ಮೂಗಿನ ತನಕ. ಕಣ್ಣು ಮಾತ್ರ ಕಾಣುತ್ತಿದ್ದವು, ಅವುಗಳಲ್ಲಿ ನೀರಿರಲಿಲ್ಲ. ಧೀರೇಂದ್ರ ಮಂಚದ ಅಂಚಿಗೆ ಮಂಡಿಯೂರಿ, ಒಂದು ತುತ್ತು ಎತ್ತಿ ಹಿಡಿದ. ಅವರು ತುತ್ತನ್ನು ನೋಡಿದರು, ಬೆರಳುಗಳನ್ನು ನೋಡಿದರು, ಅವನ ಮುಖವನ್ನು ನೋಡಿದರು. ಆಮೇಲೆ ಎಡಗೈ ಸಡಿಲಾಗಿ ಸೆರಗು ಕೆಳಗಿಳಿಯಿತು. ಅವನು ಎಂದೂ ಕಾಣದ ಮುಖ. ಕೆನ್ನೆ ಒಳಕ್ಕೆ ಕುಸಿದು, ತುಟಿ ಮಡಚಿಕೊಂಡು, ಮುದುಕಿಯೂ ಅಲ್ಲ ಮಗುವೂ ಅಲ್ಲ ಎಂಬಂತೆ. ಅವನಿಗೆ ಕಣ್ಣು ಕೀಳಲಾಗಲಿಲ್ಲ.

"ಕೈ ತೊಳಕೊಂಡೀರೇನು?" ಎಂದರು ವೆಂಕೂಬಾಯಿ.

ಗಾಳಿ ಸೇರಿದ ದನಿ, ಆದರೆ ಮಾತು ಸ್ಪಷ್ಟವಾಗಿ ಅವನಿಗೇ, ನಡುವೆ ಯಾರೂ ಇಲ್ಲದೆ. ಬಜಾರು, ಬಸ್ಸಿನ ಧೂಳು, ಡಾಕ್ಟರ ಮೇಜು, ಆ ಡಬ್ಬಿ, ಎಲ್ಲ ಮುಟ್ಟಿದ ಕೈ. "ಇಲ್ಲ" ಎಂದ ಧೀರೇಂದ್ರ.

"ಮತ್ತ? ಹೇಸಿಗಿ ನಿಮಗೊಬ್ಬರಿಗೇ ಬರ್ತದೇನು?"

ಎತ್ತಿದ ತುತ್ತು ಎತ್ತಿದಲ್ಲೇ ನಿಂತಿತು. ಅವನಿಗೆ ನಗು ಬಂತೋ ಅಳು ಬಂತೋ, ಎರಡಕ್ಕೂ ಬಾಯಿ ಒಂದೇ ತರಹ ತೆರೆಯಿತು.

"ಆ ಅನ್ನ ಆಕಳಿಗೆ ಹಾಕ್ರಿ. ಸಾಬೂನು ಹಚ್ಚಿ ತೊಳಕೊಂಡು ಬ್ಯಾರೆ ಕಲಸಿಕೊಂಡು ಬರ್ರಿ" ಎಂದರು ಅತ್ತೆ. ಅವನು ಬಟ್ಟಲು ಹಿಡಿದು ಎದ್ದು ಬಾಗಿಲು ದಾಟುವಷ್ಟರಲ್ಲಿ ಹಿಂದಿನಿಂದ ಮತ್ತೆ ಕೂಗಿದರು. "ಲಗೂ ಬರ್ರಿ, ಹೊಟ್ಟಿ ಹಸದದ."